ಎರಡನೇ ಕಾರಿನ ವೈರಾಗ್ಯ

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಕೆಲವು ಸಂಗತಿ ತಪ್ಪಿರಬಹುದು. ನನ್ನ ನೆನಪಿನಲ್ಲಿ ಅಕ್ಕನ ಕಾರು ಕೆಂಪು. ಊರಿಗೆ ಬಂದು ಫೋಟೋ ನೋಡಿದರೆ ಅದು ಬೂದಿ ಬಣ್ಣದ್ದು, ಅದೂ ತೊಳೆಯದೆ ಬಿಟ್ಟ ಬೂದಿ. ವಾರಗಟ್ಟಲೆ ದಿನಾ ಹತ್ತಿ ಇಳಿದ ಕಾರಿನ ಬಣ್ಣವನ್ನೇ ನೆಟ್ಟಗೆ ಇಟ್ಟುಕೊಳ್ಳದ ತಲೆ, ಯಾರು ಯಾವ ಮಾತು ಆಡಿದರು ಎಂಬುದನ್ನು ಎಷ್ಟು ನೆಟ್ಟಗೆ ಇಟ್ಟುಕೊಂಡೀತು? ದಿನಚರಿ ಬರೆಯುವ ಚಟ ನನಗಿದೆ. ಆದರೆ ದಿನಚರಿಯನ್ನೂ ಇದೇ ತಲೆ ಬರೆದದ್ದಲ್ಲವೇ, ಅದನ್ನು ಸಾಕ್ಷಿ ಎಂದು ಹೇಗೆ ನಂಬಲಿ? ಆದ್ದರಿಂದ ಇಲ್ಲಿನ ಮಾತುಗಳನ್ನು ಹೆಚ್ಚುಕಡಿಮೆ ಎಂದುಕೊಂಡು ಓದಿ. ಅಕ್ಕನ ಬೈಗುಳಗಳು ಮಾತ್ರ ಖಚಿತ. ಅವು ಮರೆಯುವಂಥವಲ್ಲ.

ವುಡ್‌ಲ್ಯಾಂಡ್ ಹಿಲ್ಸ್

ಹೋದದ್ದು ಭಾವನ ಅರವತ್ತರ ಶಾಂತಿಗೆ. ಅಕ್ಕ ಶಾಲಿನಿ, ಭಾವ ಗುರುರಾಜ, ಇಬ್ಬರೂ ಧಾರವಾಡದವರು. ಲಾಸ್ ಏಂಜಲೀಸಿಗೆ ಬಂದು ಅರ್ಧ ಆಯುಷ್ಯವಾಯಿತು, ನಾಲಿಗೆ ಮಾತ್ರ ಇನ್ನೂ ಸಾಧನಕೇರಿಯಲ್ಲೇ ಇದೆ.

ಮೊದಲ ದಿನ ಬೆಳಿಗ್ಗೆ ಚಹಾ ಕುಡಿಯುತ್ತ ಕೂತಿದ್ದೆ. ಎಲ್ಲಿಂದಲೋ ಢಣ್ ಎಂದು ಗಂಟೆ ಬಾರಿಸಿತು. ದೇವರ ಮನೆ ಕಡೆ ನೋಡಿದೆ. ಅಲ್ಲಿ ಯಾರೂ ಇಲ್ಲ. ಸದ್ದು ಬಂದದ್ದು ಭಾವನ ಫೋನಿನಿಂದ.

"ಇದೇನು ಭಾವಾ, ಪೂಜೆದ್ದೇನು?"

"ಸಾವಿನ ನೆನಪು," ಎಂದರು ಭಾವ, ಟೋಸ್ಟಿಗೆ ಬೆಣ್ಣೆ ಸವರುತ್ತ. "ದಿನಕ್ಕ ಐದು ಸಲ ಬಾರಸ್ತದ. ನಾವೆಲ್ಲಾ ಸಾಯೋವ್ರು ಅಂತ ನೆನಪ ಮಾಡಿ ಕೊಡ್ತದ."

"ಫ್ರೀ ಒಳಗ ಐದು ಸಲ," ಎಂದಳು ಅಕ್ಕ ಒಲೆಯ ಕಡೆಯಿಂದ. "ರೊಕ್ಕ ತುಂಬಿದ್ರ ಹತ್ತು ಸಲ ಸಾಯಬಹುದು."

ವಿಷಯ ಹೀಗೆ. ಲಾಕ್‌ಡೌನಿನ ಕಾಲದಲ್ಲಿ ಭಾವನ ಟೆಲಿಕಾಂ ಕಂಪನಿ ಅವರ ವಿಭಾಗವನ್ನೇ ಮುಚ್ಚಿತು. ಕೋಣೆ ಸೇರಿದ ಭಾವನಿಗೆ ಅಂತರ್ಜಾಲದಲ್ಲಿ ಗ್ರೀಕರು ಸಿಕ್ಕರು. ಅದರಲ್ಲೂ ಸ್ಟೋಯಿಕರು. ಹಿಂದೆ ಅಥೆನ್ಸಿನ ಸಂತೆ ಬಯಲಿನ ಪಕ್ಕದ ಒಂದು ಮಾಡಿನಡಿ ಕೂತು ಪಾಠ ಹೇಳಿದವರಾದ್ದರಿಂದ ಅವರಿಗೆ ಆ ಹೆಸರು ಬಂದದ್ದು. ನಮ್ಮಲ್ಲಾದರೆ ಕಟ್ಟೆಯವರು ಎನ್ನಬಹುದಿತ್ತು. ಕಟ್ಟೆಯ ಮೇಲೆ ಕೂತು ಊರಿಗೆ ಬುದ್ಧಿ ಹೇಳುವುದು ನಮ್ಮಲ್ಲೂ ಹಳೆಯ ವಿದ್ಯೆಯೇ, ಅದಕ್ಕೊಂದು ಪಠ್ಯಕ್ರಮ ಮಾಡಿಕೊಳ್ಳಲು ನಮಗೆ ಹೊಳೆಯಲಿಲ್ಲ ಅಷ್ಟೆ. ಅವರ ಮಾತಿನ ಸಾರ: ಮನೆ, ದುಡ್ಡು, ಆರೋಗ್ಯ, ಹೆಸರು ಯಾವುದೂ ನಮ್ಮ ಕೈಯಲ್ಲಿಲ್ಲ, ನಮ್ಮ ಮನಸ್ಸೊಂದು ನಮ್ಮ ಕೈಯಲ್ಲಿದೆ. ಸುಖ ಇರುವುದೂ ಅಲ್ಲೇ. ಉಳಿದದ್ದು ಇದ್ದರೂ ಒಂದೇ, ಹೋದರೂ ಒಂದೇ.

ಭಾವ ಇದನ್ನು ಮನಸಾರೆ ಪಾಲಿಸುತ್ತಿದ್ದರು. ತಣ್ಣೀರಿನ ಸ್ನಾನ. ನೆಲದ ಮೇಲೆ ಹಾಸಿಗೆ, ಬೆನ್ನಿಗೆ ಒಳ್ಳೆಯದೆಂದು ಡಾಕ್ಟರೂ ಹೇಳಿದ್ದರಂತೆ. ಷೇರು ಬಿದ್ದಾಗ ಮುಗುಳುನಗೆ. ಒಂದೇ ಒಂದು ಕಡೆ ತತ್ವ ಸೋಲುತ್ತಿತ್ತು. ಪಾತ್ರೆ ತೊಳೆಯುವ ಯಂತ್ರದಲ್ಲಿ ನಾನು ಬಟ್ಟಲನ್ನು ಅಂಗಾತ ಇಟ್ಟ ದಿನ ಆ ಮಹಾತ್ಮರು ಅಡುಗೆಮನೆಯಲ್ಲಿ ನಿಂತು ಕಾಲುಗಂಟೆ ಉಪನ್ಯಾಸ ಕೊಟ್ಟರು. ನೌಕರಿ ಹೋದಾಗ ನಡುಗದ ದನಿ ಬಟ್ಟಲಿಗೆ ನಡುಗಿತು.

ಅದೇ ಲಾಕ್‌ಡೌನಿನಲ್ಲಿ ಅಕ್ಕ ಬೇರೆ ವಿದ್ಯೆ ಕಲಿತಳು. ಇಪ್ಪತ್ತು ವರ್ಷ ಆಕೆ ಆ ಊರಿನಲ್ಲಿ ಭಾವ ಆಫೀಸಿನಿಂದ ಬರುವುದನ್ನೇ ಕಾದವಳು. ಕೊತ್ತಂಬರಿ ಬೇಕಾದರೂ ಭಾವ ಬರಬೇಕು, ಹಲ್ಲುನೋವು ಬಂದರೂ ಭಾವ ಬರಬೇಕು. ಕಾರಿಲ್ಲದವರಿಗೆ ಆ ಊರು ಊರಲ್ಲ, ಬರೀ ಕಿಟಕಿ. ರಸ್ತೆಗಳೆಲ್ಲ ಖಾಲಿಯಾದಾಗ ಅಕ್ಕ ಹಳೆಯದೊಂದು ಕಾರು ಕೊಂಡು ಫ್ರೀವೇ ಹತ್ತಿದಳು. ನಾನು ಹೋಗುವ ಹೊತ್ತಿಗೆ ರಸ್ತೆಗಳು ತುಂಬಿದ್ದವು, ಆಕೆ ಇಳಿದಿರಲಿಲ್ಲ.

ಒಂದು ಮಧ್ಯಾಹ್ನ ಎರಡು ತಾಸು ಕಾಣೆಯಾಗಿ ಮನೆಗೆ ಬಂದಳು.

"ಎಲ್ಲಿಗೆ ಹೋಗಿದ್ದಿ ಅಕ್ಕಾ?"

"ಎಲ್ಲೂ ಇಲ್ಲ. ಹೋಗಿ ಬಂದೆ." ಮುಖ ತೊಳೆದಂತೆ ಹೊಳೆಯುತ್ತಿತ್ತು.

ಇಷ್ಟರಲ್ಲಿ ಭಾವನ ತಲೆಯಲ್ಲಿ ಸರಳ ಜೀವನ ಹೊಕ್ಕಿತ್ತು. ಅರವತ್ತು ತುಂಬಿದ ಮೇಲೆ ಸ್ಯಾನ್ ಡಿಯೆಗೋದಲ್ಲಿ ಸಮುದ್ರದ ಹತ್ತಿರ ಸಣ್ಣ ಮನೆ. ಎಲ್ಲಕ್ಕೂ ನಡೆದೇ ಹೋಗುವುದು. ಎರಡು ಕಾರು ಯಾತಕ್ಕೆ? ಒಂದನ್ನು ಮಾರುವುದು. ಕೊಳ್ಳುವವನೂ ಸಿಕ್ಕಿದ್ದಾನೆ, ಶಾಂತಿ ಮುಗಿದ ವಾರ ಬಂದು ಒಯ್ಯುತ್ತಾನೆ. ಭಾವನ ಕಾರು ಹೊಸದು, ಬ್ಯಾಟರಿಯದು, ಭೂಮಿಗೆ ಹಿತವಾದದ್ದು. ಹಾಗಾಗಿ ವೈರಾಗ್ಯ ಅಕ್ಕನ ಕಾರಿನ ಮೇಲೆ ಬಂತು. ಗಂಡಸರ ವೈರಾಗ್ಯ ಹೆಂಡತಿಯ ಸಾಮಾನಿನಿಂದ ಶುರುವಾಗುವುದನ್ನು ನಾನು ಮೊದಲ ಸಲ ನೋಡುತ್ತಿರಲಿಲ್ಲ.

"ನೀ ಏನಂದಿ?" ಎಂದು ಅಕ್ಕನನ್ನು ಕೇಳಿದೆ.

"ಅರವತ್ತು ಮುಗೀಲಿ," ಎಂದಳು.

ನಾಲ್ಕುನೂರಾ ಐದು

ಅಲ್ಲಿಯ ಜನ ರಸ್ತೆಗಳನ್ನು ಅಂಕಿಯಿಂದ ಕರೆಯುತ್ತಾರೆ. ನಾಲ್ಕುನೂರಾ ಐದು ಎಂದರೆ ಮುಖ ಸಣ್ಣದು ಮಾಡುತ್ತಾರೆ, ನಮ್ಮಲ್ಲಿ ಸಿಲ್ಕ್ ಬೋರ್ಡ್ ಎಂದಾಗ ಮಾಡುವ ಹಾಗೆ. ಶನಿವಾರ ಅಕ್ಕನೂ ನಾನೂ ಅದರ ಮೇಲೆ ಕಲ್ವರ್ ಸಿಟಿಗೆ ಹೊರಟೆವು. ಭಾವನ ಗೆಳೆಯರ ಬಳಗವೊಂದು ತಿಂಗಳಿಗೊಮ್ಮೆ ಸೇರಿ ಗ್ರೀಕರ ಸುಖವನ್ನು ಚರ್ಚಿಸುತ್ತದೆ. ಭಾವ ಮುಂಚೆಯೇ ಹೋಗಿದ್ದರು. ನಾನು ಆವತ್ತಿನ ವಿದ್ವಾಂಸೆ. ತತ್ವಶಾಸ್ತ್ರದಲ್ಲಿ ಎಂ.ಎ. ಮಾಡಿ ಬ್ಯಾಂಕಿನಲ್ಲಿ ಸವೆದವಳು ನಾನು. ಗ್ರೀಕರು ನಮಗೆ ಒಂದು ಪೇಪರು, ಅದನ್ನೂ ಗೈಡ್ ಓದಿ ದಾಟಿದ್ದೆ. ಹೊರದೇಶದಲ್ಲಿ ಗೈಡಿಗೂ ಗೌರವ ಬರುತ್ತದೆ.

ಗುಡ್ಡದ ಏರಿನಲ್ಲಿ ಎಲ್ಲ ಲೇನುಗಳೂ ನಿಂತಿದ್ದವು. ಒಬ್ಬ ನಮ್ಮ ಮುಂದೆ ತನ್ನ ಕಾರಿನ ಮೂತಿ ತೂರಿಸಿದ. ಅಕ್ಕ ಗಾಜು ಇಳಿಸಲಿಲ್ಲ, ದನಿಯನ್ನೂ ಇಳಿಸಲಿಲ್ಲ.

"ಏ ಮಂಗ್ಯಾ, ಇಂಡಿಕೇಟರ್ ಹಾಕಲಿಕ್ಕೆ ನಿಮ್ಮಪ್ಪ ಬರಬೇಕೇನು? ಹಾದಿ ಏನು ನಿಮ್ಮತ್ತಿ ಬಳುವಳಿ ಕೊಟ್ಟಾಳೇನು?"

ಮತ್ತೆ ನನ್ನ ಕಡೆ ತಿರುಗಿ ತಣ್ಣಗೆ, "ಅಜ್ಜಿ ಕಾಶಿಗೆ ಹೋದದ್ದು ನೆನಪದ ಏನು ಪದ್ಮಾ?" ಎಂದಳು.

ಕಾಶಿಗೆ ಹೋದವರು ತಮಗೆ ಪ್ರಿಯವಾದ ಒಂದು ಹಣ್ಣನ್ನೋ ಕಾಯಿಯನ್ನೋ ಗಂಗೆಯಲ್ಲಿ ಬಿಟ್ಟು ಬರುವುದು ನಮ್ಮ ಪದ್ಧತಿ. ಆಮೇಲೆ ಆಯುಷ್ಯವಿಡೀ ಅದನ್ನು ತಿನ್ನುವಂತಿಲ್ಲ. ಪ್ರಿಯವಾದದ್ದೇ ಆಗಬೇಕು. ಪ್ರಿಯ ಯಾವುದು ಎಂದು ಗಂಗೆ ವಿಚಾರಣೆ ಮಾಡುವುದಿಲ್ಲವಾದ್ದರಿಂದ ಬಹಳ ಮಂದಿ ಹಾಗಲಕಾಯಿ ಬಿಡುತ್ತಾರೆ. ನಮ್ಮ ಅಜ್ಜನೂ ಹಾಗಲಕಾಯಿಯನ್ನೇ ಬಿಟ್ಟಿದ್ದ.

"ಅಜ್ಜಿ ಪೇರಲಹಣ್ಣು ಬಿಟ್ಟಿದ್ಲು," ಎಂದೆ.

"ಪೇರಲ ಅಲ್ಲವಾ, ಸೀತಾಫಲ. ಅಕಿ ಬಿಡಲಿಲ್ಲ. ಅಜ್ಜ ಬಿಡಿಸಿದ. ಸಂಕಲ್ಪದಾಗ ತನ್ನದು ಹೇಳಿ, ಅಕಿದೂ ತಾನ ಹೇಳಿಬಿಟ್ಟ. ಅಕಿ ಜೀವ ಇದ್ದದ್ದ ಸೀತಾಫಲದ ಮ್ಯಾಲೆ."

ನನಗೆ ಆ ಹಣ್ಣು ಪೇರಲವೆಂದೇ ನೆನಪು. ಆದರೆ ಅಕ್ಕ ಹೇಳಿದ ಮೇಲೆ ಇನ್ನೊಂದು ಕಣ್ಣಿಗೆ ಬಂತು: ಹಿತ್ತಲಿನ ಬಾವಿಯ ಹಿಂದೆ ಬಿದ್ದಿರುತ್ತಿದ್ದ, ಕರ್ರಗೆ ಹೊಳೆಯುವ ಬೀಜಗಳು. ಪೇರಲದ ಬೀಜ ಹಾಗಿರುವುದಿಲ್ಲ. ಯಾರು ತಿಂದು ಉಗುಳಿದ್ದರೋ. ಅಥವಾ ಅಕ್ಕನ ಮಾತು ಕೇಳಿ ನನ್ನ ತಲೆ ಆ ಬೀಜಗಳನ್ನು ಈಗಷ್ಟೇ ಹುಟ್ಟಿಸಿತೋ.

ಲೇನು ಸರಿಯಿತು. ಅಕ್ಕ ಗುಡ್ಡ ಇಳಿಸಿದಳು. ಕಾರು ಆಕೆಯ ಕೈಯಲ್ಲಿ ಹೋಗುವುದನ್ನು ನೋಡುತ್ತಿದ್ದಾಗ ನನಗೆ ಗೈಡಿನ ಒಂದು ಪುಟ ನೆನಪಾಯಿತು. ಗ್ರೀಕರಲ್ಲಿ ಅಡ್ಡಾಡುತ್ತ ಪಾಠ ಹೇಳಿದವನೊಬ್ಬನಿದ್ದ. ಅವನ ಪ್ರಕಾರ ಸುಖ ಎಂಬುದು ಮನಸ್ಸಿಗೆ ಬಂದು ಹೋಗುವ ಹಿತವಲ್ಲ, ಕೂತು ಅನುಭವಿಸುವ ವಸ್ತುವೂ ಅಲ್ಲ. ಅದು ಮಾಡುವಿಕೆ. ತನಗೆ ಒಗ್ಗಿದ್ದನ್ನು ಚೆನ್ನಾಗಿ ಮಾಡುತ್ತ, ಜೀವಮಾನವಿಡೀ ಮಾಡುತ್ತ ಇರುವುದು. ಪರೀಕ್ಷೆಗೆ ಇದನ್ನು ಬಾಯಿಪಾಠ ಮಾಡಿದಾಗ ನನ್ನ ಕಣ್ಣೆದುರು ಯಾರೂ ಬಂದಿರಲಿಲ್ಲ.

ಕಲ್ವರ್ ಸಿಟಿ

ದಾರಿಯಲ್ಲಿ ಅಂಗಡಿಗೆ ಹೋದೆವು. ಗಲ್ಲಾದ ಹುಡುಗಿ ನಗುತ್ತ, ದಿನ ಹೇಗಿದೆ ಎಂದು ಕೇಳಿದಳು. ಇಷ್ಟು ಅಕ್ಕರೆಯಿಂದ ಯಾರೂ ಕೇಳಿರಲಿಲ್ಲವಲ್ಲ ಎಂದು ನಾನು ಮೊಣಕಾಲು ನೋವಿನಿಂದ ಶುರುಮಾಡಿದೆ. ಹಿಂದೆ ಸಾಲು ಬೆಳೆಯಿತು. ಹುಡುಗಿಯ ನಗು ಹಾಗೇ ಇತ್ತು, ಕಣ್ಣು ಮಾತ್ರ ಮೊಸರಿನ ಡಬ್ಬಿಯ ಮೇಲೆ ಹೋಯಿತು. ಅಕ್ಕ ನನ್ನ ರಟ್ಟೆ ಹಿಡಿದು ಎಳೆದಳು. "ಕೇಳ್ತಾರ, ಕೇಳಸ್ಕೊಳ್ಳೂದಿಲ್ಲ." ನಮ್ಮವರು ಊಟ ಆಯಿತೇ ಎಂದು ಕೇಳುವುದು ಜಾಣತನ. ಅದಕ್ಕೆ ಉತ್ತರವಿದೆ.

ಬಳಗ ಸೇರಿದ್ದು ಶ್ರೀಧರನ ಮನೆಯಲ್ಲಿ. ಬೆಂಗಳೂರಿನ ಹುಡುಗ, ಅಂದರೆ ನಲವತ್ತೈದರ ಹುಡುಗ, ಸಿನಿಮಾ ಸ್ಟುಡಿಯೋ ಒಂದರಲ್ಲಿ ಸಾಫ್ಟ್‌ವೇರ್ ಬರೆಯುತ್ತಾನೆ. ಹೆಂಡತಿ ರೂಪಾ. ಆವತ್ತಿನ ವಿಷಯ, ತೋಟದಲ್ಲಿ ಗೆಳೆಯರನ್ನು ಕಟ್ಟಿಕೊಂಡು ಬಾಳಿದ ಇನ್ನೊಬ್ಬ ಗ್ರೀಕ. ಅವನಿಗೆ ರೊಟ್ಟಿ ಮತ್ತು ನೀರು ಇದ್ದರೆ ಸಾಕಿತ್ತಂತೆ. ಒಂದು ಚೂರು ಚೀಸು ಸಿಕ್ಕರೆ ಹಬ್ಬ. ನೋವಿಲ್ಲದಿರುವುದೇ ಸುಖ ಎಂದವನು. ಇದನ್ನು ನಾನು ವಿವರಿಸುವಾಗ ಮೇಜಿನ ಮೇಲೆ ಬಿಸಿಬೇಳೆಬಾತು, ಎರಡು ಬಗೆಯ ಪಲಾವು, ವಡೆ, ಪನೀರು, ಗುಲಾಬ್ ಜಾಮೂನು, ಮತ್ತು ಯಾರೋ ಅಂಗಡಿಯಿಂದ ತಂದ, ಯಾರೂ ಮುಟ್ಟದ ಸೊಪ್ಪಿನ ಬುಟ್ಟಿ ಇದ್ದವು. ಮನೆಗೊಂದು ಅಡುಗೆ ತರುವುದು ಅಲ್ಲಿಯ ರೂಢಿ. ಯಾರೂ ಕಡಿಮೆ ತರುವುದಿಲ್ಲ.

"ಎಂಥಾ ಮಿನಿಮಲಿಸ್ಟ್ ಅಲ್ವಾ ಆಂಟಿ!" ಎಂದ ಶ್ರೀಧರ, ಎರಡನೇ ಸಲ ಬಾತು ಹಾಕಿಕೊಳ್ಳುತ್ತ. "ಬರೀ ರೊಟ್ಟಿ! ನಾವೂ ಹಾಗಿರಬೇಕು."

"ಆ ರೊಟ್ಟಿ ಬಡೀತಿದ್ದವ್ರು ಯಾರಪಾ?" ಎಂದಳು ಅಕ್ಕ.

"ಅದು... ಅದೊಂಥರಾ ಮೆಟಫರ್ ಆಂಟಿ."

"ಹಸಿವಾದಾಗ ಮೆಟಫರ್ ತಿಂತಿದ್ರೇನು?"

ರೂಪಾ ಕಿಸಕ್ಕೆಂದಳು. ಭಾವ ಗಂಟಲು ಸರಿಮಾಡಿಕೊಂಡರು. ನಾನು ನೆನಪಿನಲ್ಲಿದ್ದ ಗೈಡಿನಲ್ಲಿ ಹುಡುಕಿದೆ. ರೊಟ್ಟಿ ಯಾರು ಬಡಿದರು ಎಂಬುದಕ್ಕೆ ಅಲ್ಲಿ ಉತ್ತರವಿರಲಿಲ್ಲ. ಹಿಟ್ಟು ಬೀಸುವ ಆಳುಗಳನ್ನು, ಮನೆ ನಡೆಸುವ ಹೆಂಗಸರನ್ನು ಆ ಕಾಲದ ಗ್ರೀಕರು ಸುಖದ ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ಅಡ್ಡಾಡುತ್ತ ಪಾಠ ಹೇಳಿದವನಂತೂ, ಸುಖಕ್ಕೆ ಸದ್ಗುಣದ ಜೊತೆ ಒಂದಿಷ್ಟು ದುಡ್ಡು, ನೆಚ್ಚಿನ ಗೆಳೆಯರು, ಸಹಿಸಬಹುದಾದಷ್ಟು ರೂಪ ಇರಬೇಕೆಂದು ಒಪ್ಪಿಕೊಂಡಿದ್ದ. ಪ್ರಾಮಾಣಿಕ ಮನುಷ್ಯ. ರೊಟ್ಟಿಯವಳನ್ನು ಮಾತ್ರ ಅವನೂ ಮರೆತ.

ಮಾತು ತಿರುಗಿಸಲು ಭಾವ ತಮ್ಮ ಯೋಜನೆ ತೆಗೆದರು. "ಶಾಂತಿ ಆದ ಮ್ಯಾಲೆ ಎಲ್ಲಾರೂ ಸಮುದ್ರಕ್ಕ ಹೋಗೂಣು. ಕಾಶಿಯೊಳಗ ಬಿಟ್ಟಂಗ ಒಬ್ಬೊಬ್ರೂ ತಮಗ ಪ್ರೀತಿ ಇರೋದೊಂದು ಬಿಡೂದು. ನಮ್ಮ ಪದ್ಧತಿನೂ ಆತು, ಗ್ರೀಕರದೂ ಆತು."

"ಸೂಪರ್ ಅಂಕಲ್!" ಎಂದ ಶ್ರೀಧರ. ಅಕ್ಕ ಜಾಮೂನಿನ ಪಾತ್ರೆ ಮುಚ್ಚಿದಳು.

ಸ್ಯಾನ್ ಡಿಯೆಗೋ

ಶಾಂತಿ ಇಟ್ಟುಕೊಂಡದ್ದು ಅಲ್ಲಿಯ ಗೆಳೆಯರೊಬ್ಬರ ಮನೆಯಲ್ಲಿ, ಭಾವ ಮೆಚ್ಚಿದ ಸಣ್ಣ ಮನೆಯ ಹತ್ತಿರ. ಹೋದದ್ದು ಅಕ್ಕನ ಕಾರಿನಲ್ಲಿ. ಹೋಮದ ಸಾಮಾನು, ದೊಡ್ಡ ಪಾತ್ರೆಗಳು ಭಾವನ ಭೂಮಿಹಿತದ ಕಾರಿನಲ್ಲಿ ಹಿಡಿಯಲಿಲ್ಲ. ಹಿಂದಿನ ಸೀಟಿನಲ್ಲಿ ಭಾವ ತೆಂಗಿನಕಾಯಿಗಳ ನಡುವೆ ಕೂತು, ಬೇಡವಾದ ಕಾರಿನಲ್ಲಿ ಮೂರು ತಾಸು ಸುಖವಾಗಿ ನಿದ್ದೆ ಮಾಡಿದರು.

ಪುರೋಹಿತರು ಊರಿನಿಂದ ವಿಡಿಯೋದಲ್ಲಿ. ಇಲ್ಲಿ ಹಗಲಾದರೆ ಅಲ್ಲಿ ನಡುರಾತ್ರಿ, ಮಂತ್ರದ ನಡುನಡುವೆ ಅವರು ಆಕಳಿಸುತ್ತಿದ್ದರು. ಹೊಗೆಗೆ ಅಲಾರಂ ಕೂಗಿಕೊಳ್ಳಬಾರದೆಂದು ಶ್ರೀಧರ ಅದಕ್ಕೆ ಸ್ನಾನದ ಟೋಪಿ ತೊಡಿಸಿದ್ದ. ಭಾವ ಅಕ್ಕನಿಗೆ ಮತ್ತೆ ತಾಳಿ ಕಟ್ಟಿದರು. ಅಕ್ಕ ನಾಚಿದಳೆಂದು ದಿನಚರಿಯಲ್ಲಿ ಬರೆದಿದ್ದೇನೆ. ಫೋಟೋದಲ್ಲಿ ಆಕೆ ಗಡಿಯಾರ ನೋಡುತ್ತಿದ್ದಾಳೆ.

ಆಮೇಲೆ ನನ್ನ ಕೈಗೆ ಮೈಕು ಬಂತು. ಸುಖದ ಬಗ್ಗೆ ಎರಡು ಮಾತು. ಹುಮ್ಮಸ್ಸಿನಲ್ಲಿ ನನಗೆ ಒಂದು ಹಳೆಯ ಗ್ರೀಕ್ ಕತೆ ನೆನಪಾಯಿತು. ನನ್ನಷ್ಟು ಸುಖಿ ಯಾರಿದ್ದಾರೆ ಎಂದು ಬೀಗಿದ ರಾಜನಿಗೆ ಒಬ್ಬ ಹಿರಿಯ ಹೇಳಿದನಂತೆ: ಮನುಷ್ಯ ಸಾಯುವ ತನಕ ಅವನನ್ನು ಸುಖಿ ಎನ್ನಬಾರದು, ಸತ್ತ ಮೇಲೆ ನೋಡೋಣ. ಇದನ್ನು ನಾನು ಅರವತ್ತರ ಶಾಂತಿಯಲ್ಲಿ, ಆಯುಷ್ಯಹೋಮದ ಬೂದಿ ಇನ್ನೂ ಬಿಸಿ ಇರುವಾಗ, ಮೈಕು ಹಿಡಿದು ಹೇಳಿದೆ.

ಪರದೆಯ ಮೇಲೆ ಪುರೋಹಿತರ ಆಕಳಿಕೆ ನಿಂತಿತು. "ಶಾಂತಂ ಪಾಪಂ! ಒಳ್ಳೇದು ನುಡೀಬೇಕ್ರೀ ತಾಯಿ. ಇನ್ನೊಮ್ಮೆ ಅಕ್ಷತಿ ಹಾಕ್ರಿ ಎಲ್ಲಾರೂ." ದಿನಕ್ಕೆ ಐದು ಸಲ ಸಾವಿನ ಗಂಟೆ ಕೇಳುವ ಭಾವನ ಮುಖವೂ ಬಿಳಿಚಿತ್ತು. ನಗು ತಡೆಯಲಾರದೆ ಸೆರಗು ಬಾಯಿಗೆ ಒತ್ತಿಕೊಂಡವಳು ಅಕ್ಕ ಒಬ್ಬಳೇ.

ಸಮುದ್ರ

ಸಂಜೆ ಬಿಸಿಲಿರುವಾಗಲೇ ದಂಡೆಗೆ ಹೋದೆವು. ಅಲ್ಲಿಯ ಬಂಡೆಗಳ ಮೇಲೆ ಸೀಲ್ ಎಂಬ ಕಡಲಪ್ರಾಣಿಗಳು ಒಂದರ ಮೇಲೊಂದು ಬಿದ್ದುಕೊಂಡಿರುತ್ತವೆ. ಕೊಳೆತ ಮೀನಿನ ನಾತ. ಒಂದಕ್ಕೂ ನೋವಿಲ್ಲ, ಚಿಂತೆಯಿಲ್ಲ, ಕಾರಿಲ್ಲ. ಸರಳ ಜೀವನದ ಸಿದ್ಧಿಪುರುಷರು. ಜನ ಮೂಗು ಮುಚ್ಚಿಕೊಂಡು ಅವುಗಳ ಜೊತೆ ಫೋಟೋ ತೆಗೆಸಿಕೊಳ್ಳುತ್ತಿದ್ದರು.

ಒಬ್ಬೊಬ್ಬರೇ ನೀರಿಗಿಳಿದು ಬೊಗಸೆ ತುಂಬಿ ಬಿಟ್ಟೆವು. ಶ್ರೀಧರ ಕಾಫಿಯ ಸಕ್ಕರೆ ಬಿಟ್ಟ, ಅದನ್ನು ಡಾಕ್ಟರು ಆಗಲೇ ಬಿಡಿಸಿದ್ದರು. ರೂಪಾ ಸೋಷಿಯಲ್ ಮೀಡಿಯಾ ಬಿಟ್ಟಳು, ಬಿಡುವ ವಿಡಿಯೋ ಮಾಡಿ ಅಲ್ಲೇ ಹಾಕಿದಳು. ನಾನು ಮನೆತನದ ಮರ್ಯಾದೆ ಉಳಿಸಿ ಹಾಗಲಕಾಯಿ ಬಿಟ್ಟೆ.

ಭಾವ ಪಂಚೆ ಎತ್ತಿಕಟ್ಟಿ ಗಂಭೀರವಾಗಿ ನಿಂತರು. "ಎರಡನೇ ಕಾರು," ಎಂದು ಎಲ್ಲರಿಗೂ ಕೇಳುವಂತೆ ಹೇಳಿ ನೀರು ಬಿಟ್ಟರು. ಚಪ್ಪಾಳೆ ಬಿತ್ತು.

ನಾನು ಅಕ್ಕನನ್ನು ನೋಡಿದೆ. ಹೊಸ ಸೀರೆ ಒದ್ದೆಯಾಗುವುದನ್ನು ಲೆಕ್ಕಿಸದೆ ಆಕೆ ಭಾವನಿಗಿಂತ ಎರಡು ಹೆಜ್ಜೆ ಮುಂದೆ ಹೋದಳು. ಬೊಗಸೆ ತುಂಬಿದಳು. ಕಣ್ಣು ಮುಚ್ಚಿದಳು. ತುಟಿ ಅಲ್ಲಾಡಿತು. ಅಲೆಯ ಸದ್ದಿನಲ್ಲಿ ಏನೂ ಕೇಳಲಿಲ್ಲ. ನೀರನ್ನು ಬೆರಳುಗಳ ಸಂದಿಯಿಂದ ನಿಧಾನವಾಗಿ, ಕೊನೆಯ ಹನಿ ಬೀಳುವ ತನಕ ಬಿಟ್ಟಳು.

"ಏನ್ ಬಿಟ್ರಿ ಆಂಟಿ?" ರೂಪಾ ಫೋನು ಹಿಡಿದು ಕೂಗಿದಳು.

"ಸಂಕಲ್ಪ ಬಾಯಿಬಿಟ್ಟು ಹೇಳಬಾರದು."

"ನಾ ಬಿಟ್ಟದ್ದನ್ನ ಬಿಟ್ಟಾಳ," ಎಂದರು ಭಾವ ಸಮಾಧಾನದಿಂದ. "ಮತ್ತೇನು ಬಿಡ್ತಾಳ."

ಕಾರಿನ ಹತ್ತಿರ ಬಂದಾಗ ಭಾವ ಕೀಲಿಗೆ ಕೈ ಚಾಚಿದರು. ಅರವತ್ತರ ಯಜಮಾನರಲ್ಲವೇ. ಅಕ್ಕ ಅವರ ಕೈಗೆ ಪ್ರಸಾದದ ಡಬ್ಬಿ ಕೊಟ್ಟು ತಾನು ಸ್ಟೇರಿಂಗಿಗೆ ಕೂತಳು. ದಾರಿಯುದ್ದಕ್ಕೂ ಯಾರನ್ನೂ ಬೈಯಲಿಲ್ಲ. ಆ ಊರಿನಲ್ಲಿ ನನಗೆ ಭಯವಾದದ್ದು ಅದೊಂದೇ ಸಲ.

ಧಾರವಾಡ

ನಾನು ಹೊರಡುವ ಮುಂಚೆ ಕೊಳ್ಳುವವನು ಬಂದಿದ್ದ. ಕಾರಿನ ಕಾಗದ ಅಕ್ಕನ ಹೆಸರಿನಲ್ಲಿತ್ತು, ಅಕ್ಕ ಮನೆಯಲ್ಲಿರಲಿಲ್ಲ, ಕಾರೂ ಇರಲಿಲ್ಲ. ಅವನು ಭಾವನ ಜೊತೆ ಚಹಾ ಕುಡಿದು, ಸಾವಿನ ಗಂಟೆ ಕೇಳಿ ಗಾಬರಿಯಾಗಿ ಹೋದ. ಸಂಜೆ ಅಕ್ಕ ಬಂದಳು. ಎಲ್ಲೂ ಹೋಗಿರಲಿಲ್ಲವಂತೆ, ಹೋಗಿ ಬಂದಳಂತೆ.

ಈಗ ಭಾವ ಸ್ಯಾನ್ ಡಿಯೆಗೋದ ಸಣ್ಣ ಮನೆಯಲ್ಲಿ ಬಾಡಿಗೆಗಿದ್ದು ಸರಳ ಜೀವನ ನಡೆಸುತ್ತಿದ್ದಾರೆ. ಅಕ್ಕ ವುಡ್‌ಲ್ಯಾಂಡ್ ಹಿಲ್ಸಿನಲ್ಲೇ ಇದ್ದಾಳೆ. ಜಗಳವಾಗಿಲ್ಲ. ಪ್ರತಿ ಭಾನುವಾರ ವಾರಕ್ಕಾಗುವಷ್ಟು ಜೋಳದ ರೊಟ್ಟಿ, ಶೇಂಗಾ ಚಟ್ನಿ, ಪಲ್ಯದ ಡಬ್ಬಿಗಳನ್ನು ಹೇರಿಕೊಂಡು ಮೂರು ತಾಸು ಹೋಗಿ, ಕೊಟ್ಟು, ಮೂರು ತಾಸು ಬರುತ್ತಾಳೆ. ರೊಟ್ಟಿ ಬಡಿಯುವವರು ಯಾರೆಂಬ ಪ್ರಶ್ನೆ ಕ್ಯಾಲಿಫೋರ್ನಿಯಾದ ಮಟ್ಟಿಗೆ ಬಗೆಹರಿದಂತಾಯಿತು.

"ಮತ್ತ ಕಾರು ಬಿಟ್ಟಿದ್ರಲ್ಲಾ ಭಾವಾ?" ಎಂದು ಫೋನಿನಲ್ಲಿ ಕೇಳಿದೆ.

"ಸ್ಟೋಯಿಕರೊಳಗ ಒಂದು ವರ್ಗ ಅದ ಪದ್ಮಾ," ಎಂದರು ಭಾವ ಬಾಯಲ್ಲಿ ಏನೋ ಅಗಿಯುತ್ತ. "ಬೇಕು ಅಂತಲ್ಲ, ಬ್ಯಾಡ ಅಂತಲ್ಲ. ಇದ್ರ ಅನುಕೂಲ. ಕಾರು ಆ ವರ್ಗದಾಗ ಬರ್ತದ." ಇದು ನಿಜಕ್ಕೂ ಇದೆ, ಗೈಡಿನಲ್ಲೂ ಇತ್ತು. ಎರಡು ಸಾವಿರ ವರ್ಷ ಕಾದು ಅದು ಕೊನೆಗೆ ಕೆಲಸಕ್ಕೆ ಬಂತು.

ಆದರೆ ಅಕ್ಕನದೇ ನನಗೆ ಬಗೆಹರಿಯುತ್ತಿಲ್ಲ. ಕಾರು ಬಿಟ್ಟಿಲ್ಲ, ಬೈಗುಳ ಬಿಟ್ಟಿಲ್ಲ, ರೊಟ್ಟಿ ಬಡಿಯುವುದನ್ನೂ ಬಿಟ್ಟಿಲ್ಲ. ತಾಳಿ ಕೊರಳಲ್ಲಿದೆ. ಮತ್ತೆ ಆ ಬೊಗಸೆಯಲ್ಲಿ ಏನಿತ್ತು? ಅದು ಆಕೆಗೆ ಪ್ರಿಯವಾದದ್ದೋ, ಹಾಗಲಕಾಯಿಯೋ? ಆರು ತಾಸಿನ ಆ ಓಟ ಆಕೆಯ ಸುಖವೋ, ಸುಖಕ್ಕೆ ತೆರುವ ಸುಂಕವೋ? ಮೂರು ತಾಸಿನ ದಾರಿಗೆ ಯಾವ ಹೆಸರೆಂದು ನನ್ನ ಗೈಡಿನಲ್ಲಿ ಇಲ್ಲ.

ಹೋದ ಭಾನುವಾರ ಫೋನು ಮಾಡಿದಾಗ ಅಕ್ಕ ದಾರಿಯಲ್ಲಿದ್ದಳು. ಸ್ಪೀಕರಿನಲ್ಲಿ ಗಾಳಿಯ ಸದ್ದು, ಹಿಂದೆ ಡಬ್ಬಿಗಳ ಕಟಕಟ.

"ಅಕ್ಕಾ, ಅವತ್ತು ಸಮುದ್ರದಾಗ ನೀ ಏನು ಬಿಟ್ಟಿ?"

"ತಡಿ," ಎಂದಳು. "ಮೊದಲ ಈ ಟ್ರಕ್ಕಿನವ್ನ ದಾಟ್ತೀನಿ."

ಇಂಡಿಕೇಟರು ಟಿಕ್ ಟಿಕ್ ಎನ್ನುತ್ತಿತ್ತು. ಆಮೇಲೆ ಫೋನು ಕಡಿದುಹೋಯಿತು. ಆ ಟ್ರಕ್ಕನ್ನು ಅಕ್ಕ ಇನ್ನೂ ದಾಟುತ್ತಿದ್ದಾಳೆ.